ಕೊನೆಯ ಐದು ಮಿಲಿಗ್ರಾಂ

1948ರ ಸೆಪ್ಟೆಂಬರ್ 21. ಅಮೆರಿಕದ ಮಿನೆಸೋಟ ರಾಜ್ಯದ ರಾಚೆಸ್ಟರ್ ಅನ್ನೋ ಪುಟ್ಟ ಊರು. ಅಲ್ಲಿನ ಮೇಯೋ ಕ್ಲಿನಿಕ್ಕಿನಲ್ಲಿ 29 ವರ್ಷದ ಹೆಣ್ಣುಮಗಳೊಬ್ಬರಿಗೆ ವೈದ್ಯರು ಒಂದು ಇಂಜೆಕ್ಷನ್ ಕೊಟ್ಟರು. ಸಂಧಿವಾತ ಆಕೆಯ ಕೀಲುಗಳನ್ನೆಲ್ಲ ಹಿಡಿದುಹಾಕಿತ್ತು. ಹಾಸಿಗೆಯಲ್ಲಿ ಮಗ್ಗುಲು ಬದಲಿಸೋದೂ ಕಷ್ಟ. ಆ ಬೇಸಿಗೆಯಲ್ಲಿ ಆಸ್ಪತ್ರೆಗೆ ಬಂದಿದ್ದ ಆಕೆ, ಬೇರೆ ಯಾವ ಔಷಧವೂ ನಾಟದಿದ್ದಾಗ, ಏನಾದರೂ ಗುಣವಾಗದೆ ಮನೆಗೆ ಹೋಗೋದಿಲ್ಲ ಅಂತ ಪಟ್ಟು ಹಿಡಿದು ಕೂತಿದ್ದರು. ಇಂಜೆಕ್ಷನ್ ಶುರುವಾಗಿ ಮೂರು ನಾಲ್ಕು ದಿನಕ್ಕೆ ಎದ್ದು ಓಡಾಡಿದರು. ವಾರ ಕಳೆಯುವಷ್ಟರಲ್ಲಿ ಪೇಟೆಗೆ ಹೋಗಿ ಮೂರು ಗಂಟೆ ಸುತ್ತಾಡಿ ಶಾಪಿಂಗ್ ಮಾಡಿಕೊಂಡು ಬಂದರು.

ಆ ಇಂಜೆಕ್ಷನ್ನಿನಲ್ಲಿ ಇದ್ದದ್ದಕ್ಕೆ ಆಗ ಸರಿಯಾದ ಹೆಸರೂ ಇರಲಿಲ್ಲ, ಬರೀ 'ಕಾಂಪೌಂಡ್ ಇ'. ಮರುವರ್ಷ ಅದಕ್ಕೆ ಕಾರ್ಟಿಸೋನ್ ಅಂತ ನಾಮಕರಣವಾಯಿತು. ಇವತ್ತು ಆಸ್ತಮಾ, ಲೂಪಸ್, ಕಿಡ್ನಿ ತೊಂದರೆ, ಕರುಳಿನ ಹುಣ್ಣು, ಚರ್ಮದ ಕಾಯಿಲೆ ಹೀಗೆ ನೂರೆಂಟಕ್ಕೆ ಡಾಕ್ಟರು ಬರೆದುಕೊಡೋ ಸ್ಟೆರಾಯ್ಡ್ ಮಾತ್ರೆಗಳ ವಂಶದ ಮೂಲಪುರುಷ ಇದೇ. (ಜಿಮ್ಮಿನಲ್ಲಿ ತೋಳು ಉಬ್ಬಿಸಲು ಕದ್ದು ಚುಚ್ಚಿಕೊಳ್ಳೋ ಸ್ಟೆರಾಯ್ಡ್ ಬೇರೆ. ಅದು ದಾಯಾದಿ, ಅದರ ಕತೆ ಇಲ್ಲಿಲ್ಲ.)

ಈ ಔಷಧವನ್ನು ಹೇಗೆ ಶುರು ಮಾಡಿದರು ಅನ್ನೋದು ವೈದ್ಯಕೀಯ ಇತಿಹಾಸದ ಪ್ರಸಿದ್ಧ ಕತೆಗಳಲ್ಲೊಂದು. ಹೇಗೆ ನಿಲ್ಲಿಸೋದನ್ನ ಕಲಿತರು ಅನ್ನೋದು ಅಷ್ಟು ಪ್ರಸಿದ್ಧವಲ್ಲ. ಆದರೆ ತಿಂಗಳುಗಟ್ಟಲೆ ಸ್ಟೆರಾಯ್ಡ್ ತೊಗೊಂಡು ಈಗ ಒಂದೊಂದೇ ಮಿಲಿಗ್ರಾಂ ಇಳಿಸ್ತಾ, "ಕಾಯಿಲೆ ವಾಸಿಯಾಗಿದೆ ಅಂತಾರೆ, ಮತ್ತೆ ನಾನ್ಯಾಕೆ ಹೀಗಿದ್ದೀನಿ?" ಅಂತ ಕೇಳಿಕೊಳ್ಳುತ್ತಿರುವವರಿಗೆ ಬೇಕಾಗಿರೋದು ಈ ಎರಡನೇ ಕತೆ.

ಕಾಮಾಲೆ ಕೊಟ್ಟ ಸುಳಿವು

ಫಿಲಿಪ್ ಹೆಂಚ್ ಮೇಯೋ ಕ್ಲಿನಿಕ್ಕಿನ ಸಂಧಿವಾತ ತಜ್ಞ. 1929ರಲ್ಲಿ ಅವರ ರೋಗಿಯೊಬ್ಬರಿಗೆ ಕಾಮಾಲೆ ಬಂತು. ವಿಚಿತ್ರ ಅಂದ್ರೆ, ಕಾಮಾಲೆ ಬಂದ ಮೇಲೆ ಕೀಲುನೋವು ಹೊರಟುಹೋಯಿತು! ಬಸುರಿ ಹೆಂಗಸರಲ್ಲೂ ಸಂಧಿವಾತ ತಾತ್ಕಾಲಿಕವಾಗಿ ತಗ್ಗೋದನ್ನು ಹೆಂಚ್ ಗಮನಿಸಿದರು. ದೇಹವೇ ತಯಾರಿಸುವ ಯಾವುದೋ ಒಂದು ವಸ್ತು ಈ ಕೆಲಸ ಮಾಡುತ್ತಿರಬೇಕು ಅಂತ ಅವರ ಊಹೆ. ಅದಕ್ಕೆ 'ಸಬ್‌ಸ್ಟೆನ್ಸ್ ಎಕ್ಸ್' ಅಂತ ಹೆಸರಿಟ್ಟು ವರ್ಷಗಟ್ಟಲೆ ಹುಡುಕಿದರು.

ಅದೇ ಸಂಸ್ಥೆಯಲ್ಲಿ ಎಡ್ವರ್ಡ್ ಕೆಂಡಾಲ್ ಅನ್ನೋ ರಸಾಯನ ವಿಜ್ಞಾನಿ ಇದ್ದರು. ಕಿಡ್ನಿಗಳ ತಲೆಯ ಮೇಲೆ ಟೋಪಿಯ ಹಾಗೆ ಕೂತಿರೋ ಎರಡು ಪುಟ್ಟ ಗ್ರಂಥಿಗಳಿವೆಯಲ್ಲ, ಅಡ್ರಿನಲ್ ಗ್ರಂಥಿಗಳು, ದನಗಳ ಆ ಗ್ರಂಥಿಗಳಿಂದ ಒಂದೊಂದೇ ವಸ್ತುವನ್ನು ಬೇರ್ಪಡಿಸಿ ಎ, ಬಿ, ಇ, ಎಫ್ ಅಂತ ಅಕ್ಷರದ ಚೀಟಿ ಅಂಟಿಸುತ್ತಿದ್ದರು. ಸ್ವಿಟ್ಜರ್‌ಲ್ಯಾಂಡಿನಲ್ಲಿ ಟಾಡಿಯಸ್ ರೈಖ್‌ಸ್ಟೈನ್ ಕೂಡ ಸ್ವತಂತ್ರವಾಗಿ ಇದೇ ಕೆಲಸದಲ್ಲಿದ್ದರು. ಈ ಗ್ರಂಥಿಗಳು ಕೆಟ್ಟರೆ ಮನುಷ್ಯ ಸುಸ್ತಾಗಿ, ಸೊರಗಿ, ಚರ್ಮ ಕಪ್ಪಾಗಿ ಸಾಯ್ತಾನೆ ಅನ್ನೋದನ್ನ ಲಂಡನ್ನಿನ ಗೈಸ್ ಆಸ್ಪತ್ರೆಯ ಥಾಮಸ್ ಅಡಿಸನ್ 1855ರಲ್ಲೇ ಬರೆದಿದ್ದರು. ಗ್ರಂಥಿಯೊಳಗೆ ಏನಿದೆ ಅನ್ನೋದು ಗೊತ್ತಾಗಲು ಇನ್ನೂ 80 ವರ್ಷ ಬೇಕಾಯಿತು.

1941ರಲ್ಲಿ ಹೆಂಚ್ ಮತ್ತು ಕೆಂಡಾಲ್ ಕೂತು ಮಾತಾಡಿ, ಸಂಧಿವಾತದ ಮೇಲೆ ಕಾಂಪೌಂಡ್ ಇ ಪ್ರಯೋಗಿಸಿ ನೋಡೋಣ ಅಂದುಕೊಂಡರು. ಆದರೆ ಪ್ರಯೋಗಿಸಲು ವಸ್ತು ಎಲ್ಲಿ? ಅಷ್ಟರಲ್ಲಿ ಯುದ್ಧ. ಜರ್ಮನಿಯವರು ಅಡ್ರಿನಲ್ ಸಾರವನ್ನು ತಮ್ಮ ಪೈಲಟ್‌ಗಳಿಗೆ ಕೊಟ್ಟು ಬಹಳ ಎತ್ತರದಲ್ಲಿ ಹಾರಿಸ್ತಿದ್ದಾರೆ ಅಂತ ಒಂದು ಗಾಳಿಸುದ್ದಿ ಹಬ್ಬಿತು. ಸುದ್ದಿ ಸುಳ್ಳಾದರೂ ಅಮೆರಿಕ ಸರ್ಕಾರ ಈ ಸಂಶೋಧನೆಗೆ ಒತ್ತು ಕೊಟ್ಟಿತು. 1944ರ ಡಿಸೆಂಬರಿನಲ್ಲಿ ಮರ್ಕ್ ಕಂಪನಿಯ ಲೂಯಿಸ್ ಸ್ಯಾರೆಟ್, ಆಗಿನ್ನೂ ಇಪ್ಪತ್ತೇಳರ ಆಸುಪಾಸಿನ ಹುಡುಗ, ದನದ ಪಿತ್ತರಸದಿಂದ ಹೊರಟು ಮೂವತ್ತಕ್ಕೂ ಹೆಚ್ಚು ಹಂತಗಳನ್ನು ದಾಟಿ ಕಾಂಪೌಂಡ್ ಇ ತಯಾರಿಸಿದರು. ಅದೇ 1948ರಲ್ಲಿ ರಾಚೆಸ್ಟರ್ ತಲುಪಿದ್ದು.

1949ರ ಏಪ್ರಿಲ್‌ನಲ್ಲಿ ಹೆಂಚ್ ತಂಡ ಮೇಯೋ ಸಹೋದ್ಯೋಗಿಗಳ ಮುಂದೆ ಒಂದು ಚಿತ್ರ ತೋರಿಸಿತು. ಔಷಧಕ್ಕೆ ಮುಂಚೆ ಕುಂಟುತ್ತ, ನರಳುತ್ತ ಇದ್ದ ರೋಗಿಗಳು, ಔಷಧದ ನಂತರ ಮೆಟ್ಟಿಲು ಹತ್ತುತ್ತಿರೋ ಅದೇ ರೋಗಿಗಳು. ಸುದ್ದಿ ಪತ್ರಿಕೆಗಳಿಗೆ ಹೋಯಿತು, ಜಗತ್ತು ಬೆರಗಾಯಿತು. 1950ರಲ್ಲಿ ಹೆಂಚ್, ಕೆಂಡಾಲ್, ರೈಖ್‌ಸ್ಟೈನ್ ಮೂವರಿಗೂ ನೊಬೆಲ್ ಬಂತು. ಮೊದಲ ಇಂಜೆಕ್ಷನ್ನಿನಿಂದ ನೊಬೆಲ್‌ಗೆ ಬರೀ ಎರಡು ವರ್ಷ!

ಕತೆ ಇಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಆ ಮೊದಲ ವರದಿಯಲ್ಲೇ ಇನ್ನೊಂದು ಸಂಗತಿ ಇತ್ತು. ಔಷಧ ನಿಲ್ಲಿಸಿದರೆ ಸಂಧಿವಾತ ವಾಪಸ್ ಬರ್ತಿತ್ತು. ಮುಂದುವರಿಸಿದರೆ ಮುಖ ಚಂದ್ರನ ಹಾಗೆ ಊದಿಕೊಳ್ತಿತ್ತು, ನಿದ್ದೆ ಹಾರಿಹೋಗ್ತಿತ್ತು, ಮನಸ್ಸು ಹತೋಟಿ ತಪ್ಪುತ್ತಿತ್ತು. ಅಭಿಮನ್ಯುವಿಗೆ ಚಕ್ರವ್ಯೂಹದ ಒಳಗೆ ಹೋಗೋದು ಗೊತ್ತಿತ್ತು, ಹೊರಗೆ ಬರೋದು ಗೊತ್ತಿರಲಿಲ್ಲ. 1950ರ ವೈದ್ಯರ ಸ್ಥಿತಿಯೂ ಅದೇ.

ಇಲಿಗಳು ಮೊದಲೇ ಹೇಳಿದ್ದವು

ಹೊರಗೆ ಬರೋದು ಯಾಕೆ ಕಷ್ಟ ಅಂತ ತಿಳಿಯಲು ದೇಹದೊಳಗಿನ ಆಫೀಸು ಹೇಗೆ ನಡೆಯುತ್ತೆ ಅಂತ ನೋಡಬೇಕು.

ಮೆದುಳಿನ ಬುಡದಲ್ಲಿರೋ ಹೈಪೋಥಲಮಸ್ ಹೆಡ್ ಆಫೀಸು. ಅದರ ಕೆಳಗೆ ನೇತಾಡೋ ಪಿಟ್ಯುಟರಿ ಗ್ರಂಥಿ ಮ್ಯಾನೇಜರ್. ಕಿಡ್ನಿ ಮೇಲಿನ ಅಡ್ರಿನಲ್ ಗ್ರಂಥಿ ಕಾರ್ಖಾನೆ. ಹೆಡ್ ಆಫೀಸು ಮ್ಯಾನೇಜರ್‌ಗೆ ಹೇಳುತ್ತೆ, ಮ್ಯಾನೇಜರ್ 'ಎಸಿಟಿಎಚ್' ಅನ್ನೋ ಹಾರ್ಮೋನಿನ ಮೂಲಕ ಕಾರ್ಖಾನೆಗೆ ಆರ್ಡರ್ ಕಳಿಸ್ತಾನೆ, ಕಾರ್ಖಾನೆ ಕಾರ್ಟಿಸಾಲ್ ತಯಾರಿಸುತ್ತೆ. ಬೆಳಗಿನ ಜಾವ ಜಾಸ್ತಿ, ರಾತ್ರಿ ಕಡಿಮೆ. ಜ್ವರ ಬಂದರೆ, ಕಾಲು ಮುರಿದರೆ, ಆಪರೇಷನ್ ಆದರೆ ಹಲವು ಪಟ್ಟು ಹೆಚ್ಚು. ರಕ್ತದೊತ್ತಡ, ಸಕ್ಕರೆ, ಲವಲವಿಕೆ ಎಲ್ಲವನ್ನೂ ಹಿಡಿದು ನಿಲ್ಲಿಸೋದರಲ್ಲಿ ಈ ಕಾರ್ಟಿಸಾಲ್ ಪಾಲು ದೊಡ್ಡದು. ರಕ್ತದಲ್ಲಿ ಸಾಕಷ್ಟು ಮಾಲಿದೆ ಅಂತ ಗೊತ್ತಾದ ಕೂಡಲೇ ಹೆಡ್ ಆಫೀಸು ಆರ್ಡರ್ ನಿಲ್ಲಿಸುತ್ತೆ.

ಈಗ ಹೊರಗಿನಿಂದ ದಿನಾ ಸ್ಟೆರಾಯ್ಡ್ ಮಾತ್ರೆ ಬರೋಕೆ ಶುರುವಾಯಿತು ಅನ್ನಿ. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಕೆಲಸ ಪೂರ್ತಿ ಔಟ್‌ಸೋರ್ಸ್ ಆಯಿತು. ಹೆಡ್ ಆಫೀಸು ನಿದ್ದೆಗೆ ಜಾರುತ್ತೆ, ಮ್ಯಾನೇಜರ್ ಆರ್ಡರ್ ಬರೆಯೋದನ್ನ ಮರೆತುಬಿಡ್ತಾನೆ. ತಿಂಗಳುಗಟ್ಟಲೆ ಆರ್ಡರ್ ಇಲ್ಲದ ಕಾರ್ಖಾನೆ ಸೊರಗಿ ಕುಗ್ಗುತ್ತೆ. ಒಂದು ದಿನ ಹೊರಗಿನ ವೆಂಡರ್ ದಿಢೀರಂತ ಸಪ್ಲೈ ನಿಲ್ಲಿಸಿದರೆ? ಗೋದಾಮಿನಲ್ಲಿ ಮಾಲಿಲ್ಲ, ಕಾರ್ಖಾನೆಯಲ್ಲಿ ಆಳಿಲ್ಲ.

ಇದು ಯಾರಿಗೂ ಗೊತ್ತಿರಲಿಲ್ಲ ಅಂತಲ್ಲ. 1937ರಲ್ಲೇ, ಅಂದ್ರೆ ಮೊದಲ ಇಂಜೆಕ್ಷನ್ನಿಗೆ 11 ವರ್ಷ ಮುಂಚೆ, ಡ್ವೈಟ್ ಇಂಗ್ಲ್ ಅನ್ನೋ ವಿಜ್ಞಾನಿ ಇಲಿಗಳಿಗೆ ಅಡ್ರಿನಲ್ ಸಾರವನ್ನು ಹೆಚ್ಚು ಪ್ರಮಾಣದಲ್ಲಿ ಕೊಟ್ಟು, ಅವುಗಳ ಸ್ವಂತ ಗ್ರಂಥಿಗಳು ಕುಗ್ಗಿಹೋಗೋದನ್ನ ತೋರಿಸಿದ್ದರು. ಆ ಪ್ರಬಂಧದ ಜೊತೆ ಲೇಖಕರು ಯಾರು ಗೊತ್ತಾ? ಇದೇ ಎಡ್ವರ್ಡ್ ಕೆಂಡಾಲ್. ಮಾಹಿತಿ ಮುದ್ರಣವಾಗಿ ಗ್ರಂಥಾಲಯದಲ್ಲಿತ್ತು. ಅದು ಆಸ್ಪತ್ರೆಯ ವಾರ್ಡಿಗೆ ಬರಲು ಒಂದು ಸಾವು ಬೇಕಾಯಿತು.

1952ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಆ ಸಾವಿನ ವರದಿ ಬಂತು. ಮೂವತ್ತರ ಹರೆಯದ ಗಂಡಸು. ಸಂಧಿವಾತಕ್ಕಾಗಿ ತಿಂಗಳುಗಟ್ಟಲೆ ಕಾರ್ಟಿಸೋನ್ ತೊಗೊಳ್ಳುತ್ತಿದ್ದವರು. ಸೊಂಟದ ಕೀಲಿನ ಆಪರೇಷನ್ ಇತ್ತು. ಅದಕ್ಕೆ ಮುಂಚೆ ಕಾರ್ಟಿಸೋನ್ ನಿಲ್ಲಿಸಿದರು. ಆಪರೇಷನ್ ಮುಗಿದು ಕೆಲವೇ ಗಂಟೆಗಳಲ್ಲಿ ರಕ್ತದೊತ್ತಡ ಕುಸಿಯಿತು, ಏನು ಮಾಡಿದರೂ ಮೇಲೇಳಲಿಲ್ಲ, ತೀರಿಕೊಂಡರು. ಶವಪರೀಕ್ಷೆಯಲ್ಲಿ ಸಿಕ್ಕಿದ್ದು ಇಂಗ್ಲ್ ಇಲಿಗಳಲ್ಲಿ ಕಂಡದ್ದೇ: ಕುಗ್ಗಿಹೋದ ಅಡ್ರಿನಲ್ ಗ್ರಂಥಿಗಳು. ಸಾಮಾನ್ಯ ಮನುಷ್ಯನಾಗಿದ್ದರೆ ಆ ಹೊತ್ತಿನಲ್ಲಿ ಹಲವು ಪಟ್ಟು ಕಾರ್ಟಿಸಾಲ್ ಉಕ್ಕಬೇಕಿತ್ತು. ಅವರಲ್ಲಿ ಒಂದು ಹನಿಯೂ ಹೆಚ್ಚಿಗೆ ಬರಲಿಲ್ಲ.

ಅಲ್ಲಿಂದ ಮುಂದೆ ನಿಯಮವೇ ಬದಲಾಯಿತು. ಸ್ಟೆರಾಯ್ಡ್ ಮೇಲಿರೋ ರೋಗಿಗೆ ಆಪರೇಷನ್ ಮಾಡೋವಾಗ ನಿಲ್ಲಿಸೋದಲ್ಲ, ಇನ್ನಷ್ಟು ಕೊಡಬೇಕು. 1954ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನಲ್ಲಿ 37 ವರ್ಷದ ಒಬ್ಬರಿಗೆ ಹೀಗೇ ಸ್ಟೆರಾಯ್ಡ್ ರಕ್ಷಣೆಯಲ್ಲಿ ಬೆನ್ನುಹುರಿಯ ಭಾಗದ ಆಪರೇಷನ್ ಆಯಿತು. ಮುಂದಿನ ವರ್ಷ ಒಂದು ಶಸ್ತ್ರಚಿಕಿತ್ಸಾ ಪತ್ರಿಕೆಯಲ್ಲಿ ಹೆಸರಿಲ್ಲದೆ ಅವರ ವಿವರ ಪ್ರಕಟವಾಯಿತು. ಆ ಅನಾಮಿಕ ಜಾನ್ ಎಫ್. ಕೆನಡಿ ಅನ್ನೋದು ಆಮೇಲೆ ಬಯಲಾಯಿತು. ಕೆನಡಿಗೆ ಅಡಿಸನ್ ಕಾಯಿಲೆ ಇದೆ ಅಂತ 1947ರಲ್ಲೇ ಲಂಡನ್ನಿನಲ್ಲಿ ಪತ್ತೆಯಾಗಿತ್ತು. 1960ರ ಚುನಾವಣೆಯಲ್ಲಿ ಅವರ ಕಡೆಯವರು ಅದನ್ನು ಅಲ್ಲಗಳೆದರು. ಹೊರಗಿನ ಹಾರ್ಮೋನ್ ನಂಬಿಕೊಂಡಿದ್ದ ದೇಹವೊಂದು ಜಗತ್ತಿನ ಅತಿ ದೊಡ್ಡ ಒತ್ತಡದ ಕೆಲಸವನ್ನೂ ಮಾಡಿತು. ಅದನ್ನು ಬಾಯಿಬಿಟ್ಟು ಹೇಳೋ ಧೈರ್ಯ ಮಾತ್ರ ಆ ಕಾಲಕ್ಕೆ ಇರಲಿಲ್ಲ.

ಅಗ್ಗವಾದ ಮೇಲೆ

1949ರಲ್ಲಿ ಕಾರ್ಟಿಸೋನ್ ಬೆಲೆ ಗ್ರಾಂಗೆ 200 ಡಾಲರ್. ಅಷ್ಟು ದುಬಾರಿ ಔಷಧವನ್ನು ವರ್ಷಗಟ್ಟಲೆ ನುಂಗೋರು ಯಾರು? ಆ ಲೆಕ್ಕ ತಲೆಕೆಳಗಾಗಿದ್ದು 1952ರಲ್ಲಿ. ಅಪ್‌ಜಾನ್ ಕಂಪನಿಯ ಮರ್ರೆ ಮತ್ತು ಪೀಟರ್ಸನ್, ರಸಾಯನ ವಿಜ್ಞಾನಿಗಳು ಹತ್ತಾರು ಹಂತಗಳಲ್ಲಿ ಹೆಣಗಾಡುತ್ತಿದ್ದ ಕೆಲಸವನ್ನು ಒಂದು ಬೂಷ್ಟು ಒಂದೇ ಹಂತದಲ್ಲಿ ಮಾಡಿಕೊಡುತ್ತೆ ಅಂತ ತೋರಿಸಿದರು. ರೈಝೋಪಸ್ ಅನ್ನೋ ಬೂಷ್ಟು. ಹಳಸಿದ ಬ್ರೆಡ್ಡಿನ ಮೇಲೆ ಕಪ್ಪಗೆ ಬೆಳೆಯುತ್ತಲ್ಲ, ಅದೇ ಜಾತಿ. ಕಚ್ಚಾವಸ್ತು ಮೆಕ್ಸಿಕೋದ ಕಾಡುಗೆಣಸಿನಿಂದ ಬಂತು. ಬೆಲೆ ನೆಲ ಕಚ್ಚಿತು. ಈ ಬೂಷ್ಟಿನ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತೆ.

1955ರಲ್ಲಿ ಷೆರಿಂಗ್ ಕಂಪನಿ ಪ್ರೆಡ್ನಿಸೋನ್ ತಂದಿತು. ಕಾರ್ಟಿಸೋನ್‌ಗಿಂತ ನಾಲ್ಕೈದು ಪಟ್ಟು ಶಕ್ತಿ, ದೇಹದಲ್ಲಿ ಉಪ್ಪು ನೀರು ನಿಲ್ಲೋದು ಕಡಿಮೆ. ಅದರ ಒಡಹುಟ್ಟು ಪ್ರೆಡ್ನಿಸೊಲೋನ್. ವೈಸೊಲೋನ್ ಅಂತ ನಮ್ಮ ಮೆಡಿಕಲ್ ಶಾಪುಗಳಲ್ಲಿ ಸಿಗೋದು ಇದೇ. ಹೀಗೆ ದೀರ್ಘಕಾಲ ಸ್ಟೆರಾಯ್ಡ್ ತೊಗೊಳ್ಳೋದು ಸಾಧ್ಯವಾಯಿತು, ಮಾಮೂಲಿಯೂ ಆಯಿತು.

ಜನಸಾಮಾನ್ಯರ ಮನಸ್ಸಿನಲ್ಲೂ ಭಯ ಮೂಡಿತು. 1956ರಲ್ಲಿ ನಿಕೊಲಸ್ ರೇ 'ಬಿಗ್ಗರ್ ದ್ಯಾನ್ ಲೈಫ್' ಅನ್ನೋ ಸಿನಿಮಾ ಮಾಡಿದರು. ಕಾರ್ಟಿಸೋನ್‌ನಿಂದ ಜೀವ ಉಳಿದ ಮೇಷ್ಟರೊಬ್ಬ ಅದನ್ನು ಅತಿಯಾಗಿ ತೊಗೊಂಡು ತಾನೇ ದೇವರು ಅನ್ನೋ ಹಾಗೆ ಆಡೋ ಕತೆ. ಸ್ಟೆರಾಯ್ಡ್ ಏರಿಸೋ ಹುಚ್ಚನ್ನು ಸಿನಿಮಾ ಚೆನ್ನಾಗೇ ಹಿಡಿಯಿತು. ಆದರೆ ಇಳಿಯೋವಾಗಿನ ಮಂಕನ್ನು ಯಾರೂ ಸಿನಿಮಾ ಮಾಡಲಿಲ್ಲ. ಅದರಲ್ಲಿ ನಾಟಕವೇ ಇಲ್ಲವಲ್ಲ. ಸೋಫಾದಿಂದ ಏಳಲಾಗದೆ ಕೂತಿರೋ ಮನುಷ್ಯನನ್ನು ಎಷ್ಟು ಹೊತ್ತು ತೋರಿಸ್ತೀರಿ?

ಮೂರು ಥರದ ಸಂಕಟ

ಆ ಮಂಕನ್ನು ಗಂಭೀರವಾಗಿ ತೊಗೊಂಡವರಲ್ಲಿ ಮೊದಲಿಗರು ಚಾರ್ಲ್ಸ್ ಸ್ಲೋಕಂ. ಹೆಂಚ್ ತಂಡದವರೇ. ಡೋಸ್ ಇಳಿಸಿದ ರೋಗಿಗಳು ಮೈಕೈ ನೋವು, ಕೀಲುನೋವು, ವಿಪರೀತ ಸುಸ್ತು, ಸುಮ್ಮಸುಮ್ಮನೆ ಅಳು ಅಂತ ಬರ್ತಿದ್ದರು. ವೈದ್ಯರು ಏನಂದುಕೊಳ್ತಾರೆ? ಸಂಧಿವಾತ ಕೆರಳಿದೆ ಅಂತ ಡೋಸ್ ಮತ್ತೆ ಏರಿಸ್ತಿದ್ದರು. ಸ್ಲೋಕಂ 1950ರ ದಶಕದ ಆರಂಭದಲ್ಲಿ ಹೇಳಿದ್ದು ಇಷ್ಟು: ಇದು ಕಾಯಿಲೆ ಕೆರಳಿದ್ದಲ್ಲ, ಕೆರಳಿದ ಹಾಗೆ ಕಾಣ್ತಿದೆ. ಎತ್ತರದ ಡೋಸಿಗೆ ಒಗ್ಗಿಹೋದ ದೇಹ ಕೊರತೆಯನ್ನು ಅನುಭವಿಸ್ತಿದೆ.

1960ರಲ್ಲಿ ಅಮಟ್ರುಡಾ ಮತ್ತು ಸಂಗಡಿಗರು ಇನ್ನೂ ವಿಚಿತ್ರವಾದದ್ದನ್ನು ತೋರಿಸಿದರು. ಸ್ಟೆರಾಯ್ಡ್ ಬಿಟ್ಟವರಲ್ಲಿ ಕೆಲವರಿಗೆ ಸುಸ್ತು, ವಾಕರಿಕೆ, ಮೈನೋವು ಎಲ್ಲ ಇದೆ. ಗ್ರಂಥಿಗಳ ಪರೀಕ್ಷೆ ಮಾಡಿದರೆ ಎಲ್ಲ ಸರಿಯಾಗಿದೆ! ಹೆಡ್ ಆಫೀಸೂ ಎದ್ದಿದೆ, ಕಾರ್ಖಾನೆಯೂ ಓಡ್ತಿದೆ, ಆದರೂ ಮನುಷ್ಯ ಮಲಗಿದ್ದಾನೆ.

ಅಂದರೆ ಸ್ಟೆರಾಯ್ಡ್ ಇಳಿಸುವಾಗ ಬರೋ ಸಂಕಟ ಒಂದೇ ಅಲ್ಲ, ಮೂರು. ಒಂದು, ಮೂಲ ಕಾಯಿಲೆ ನಿಜವಾಗಿಯೂ ಮರಳೋದು. ಎರಡು, ಅಡ್ರಿನಲ್ ಗ್ರಂಥಿ ಇನ್ನೂ ಎಚ್ಚರಾಗದೆ ಕಾರ್ಟಿಸಾಲ್ ನಿಜವಾಗಿಯೂ ಕಡಿಮೆ ಇರೋದು. ಮೂರು, ಕಾಯಿಲೆಯೂ ಇಲ್ಲದೆ, ಕೊರತೆಯೂ ಇಲ್ಲದೆ, ಬರೀ ಬಿಟ್ಟಿದ್ದಕ್ಕೇ ದೇಹ ಹೂಡೋ ಮುಷ್ಕರ. ಕಷ್ಟ ಏನಂದ್ರೆ ಮೂರಕ್ಕೂ ಲಕ್ಷಣಗಳು ಹೆಚ್ಚುಕಡಿಮೆ ಒಂದೇ. ಚಿಕಿತ್ಸೆ ಮಾತ್ರ ಬೇರೆ ಬೇರೆ. ಎರಡನೆಯದನ್ನು ಅಲಕ್ಷಿಸಿದರೆ ಜೀವಕ್ಕೇ ಅಪಾಯ. ಮೂರನೆಯದು ಜೀವ ತೆಗೆಯೋಲ್ಲ, ಆದರೆ ಜೀವನ ಸಾಕು ಅನ್ನಿಸುತ್ತೆ.

"ಎಲ್ಲಾ ನಿನ್ನ ತಲೇಲಿದೆ, ಸ್ವಲ್ಪ ಯೋಗ ಮಾಡು" ಅಂತ ಹೇಳೋ ಚಿಕ್ಕಪ್ಪನಿಗೆ ಈ ಪ್ಯಾರಾ ತೋರಿಸಿ. ಅದು ತಲೆಯಲ್ಲಿರೋದು ನಿಜವೇ. ಪಿಟ್ಯುಟರಿ ಇರೋದು ತಲೆಯಲ್ಲೇ ತಾನೆ!

ಒಂಬತ್ತು ತಿಂಗಳ ಲೆಕ್ಕ

ಹಾಗಾದರೆ ಗ್ರಂಥಿ ಎಚ್ಚರಾಗೋಕೆ ಎಷ್ಟು ದಿನ ಬೇಕು? 1965ರಲ್ಲಿ ಗ್ರೇಬರ್, ಲಿಡಲ್ ಮತ್ತು ಸಂಗಡಿಗರು ಇದನ್ನು ತಾಳ್ಮೆಯಿಂದ ಅಳೆದರು. ದೀರ್ಘಕಾಲ ಸ್ಟೆರಾಯ್ಡ್ ಪ್ರಭಾವದಲ್ಲಿದ್ದು ಹೊರಬಂದವರ ರಕ್ತವನ್ನು ತಿಂಗಳಾನುಗಟ್ಟಲೆ ಪರೀಕ್ಷಿಸುತ್ತಾ ಹೋದರು.

ಮೊದಲ ತಿಂಗಳು: ಮ್ಯಾನೇಜರೂ ಮಲಗಿದ್ದಾನೆ, ಕಾರ್ಖಾನೆಯೂ ಮುಚ್ಚಿದೆ. ಎರಡರಿಂದ ಐದನೇ ತಿಂಗಳು: ಮ್ಯಾನೇಜರ್ ಎದ್ದಿದ್ದಾನೆ, ಮಾಮೂಲಿಗಿಂತ ಜೋರಾಗೇ ಆರ್ಡರ್ ಕೂಗ್ತಿದ್ದಾನೆ, ಆದರೆ ಕಾರ್ಖಾನೆಯಿಂದ ಮಾಲು ಬರ್ತಿಲ್ಲ. ಆರರಿಂದ ಒಂಬತ್ತು: ಆ ಕೂಗಾಟದ ಒತ್ತಡದಲ್ಲಿ ಉತ್ಪಾದನೆ ಸರಿಹೋಗುತ್ತಾ ಬರುತ್ತೆ. ಒಂಬತ್ತು ತಿಂಗಳು ದಾಟಿದ ಮೇಲೆ ಕೂಗಾಟ ನಿಂತು ಆಫೀಸು ಮಾಮೂಲಿಗೆ ಬರುತ್ತೆ.

ಎಲ್ಲರಿಗೂ ಒಂಬತ್ತೇ ತಿಂಗಳು ಅಂತಲ್ಲ. ಎಷ್ಟು ಡೋಸ್, ಎಷ್ಟು ಕಾಲ ಅನ್ನೋದರ ಮೇಲೆ ಕೆಲವರಿಗೆ ವಾರಗಳು, ಕೆಲವರಿಗೆ ವರ್ಷಕ್ಕೂ ಹೆಚ್ಚು. ಆದರೆ ಈ ಅಧ್ಯಯನದಿಂದ ಗೊತ್ತಾದ ಮುಖ್ಯ ವಿಷಯ ಒಂದಿದೆ. ಚೇತರಿಕೆಗೆ ಒಂದು ಕ್ರಮ ಇದೆ. ಹೊರಗಿನಿಂದ ಏನೂ ಆಗ್ತಿಲ್ಲ ಅನ್ನಿಸೋ ತಿಂಗಳುಗಳಲ್ಲೂ ಒಳಗೆ ಕೆಲಸ ನಡೀತಿರುತ್ತೆ.

ಇಲ್ಲೇ ಕೊನೆಯ ಐದು ಮಿಲಿಗ್ರಾಂ ಗುಟ್ಟಿರೋದು. ಆರೋಗ್ಯವಂತ ದೇಹ ದಿನಕ್ಕೆ ತಯಾರಿಸೋ ಕಾರ್ಟಿಸಾಲ್ ಸುಮಾರು 4ರಿಂದ 6 ಮಿಲಿಗ್ರಾಂ ಪ್ರೆಡ್ನಿಸೊಲೋನ್‌ಗೆ ಸಮ. 40ರಿಂದ 30ಕ್ಕೆ, 30ರಿಂದ 20ಕ್ಕೆ ಇಳಿಯುವಾಗ ಬಿಡ್ತಿರೋದು ಹೆಚ್ಚುವರಿ ಸ್ಟೆರಾಯ್ಡ್. ಅಲ್ಲಿ ಮುಖ್ಯ ಪ್ರಶ್ನೆ ಕಾಯಿಲೆ ಹಿಡಿತದಲ್ಲಿರುತ್ತಾ ಅನ್ನೋದು. ಐದರ ಕೆಳಗೆ ಆಟವೇ ಬೇರೆ. ಐದರಿಂದ ನಾಲ್ಕಕ್ಕೆ ಇಳಿದಾಗ ಆ ಒಂದು ಮಿಲಿಗ್ರಾಂ ಪಾಲನ್ನು ನಿಮ್ಮ ಸ್ವಂತ ಗ್ರಂಥಿಯೇ ತುಂಬಬೇಕು. ನಲವತ್ತರಿಂದ ಹತ್ತಕ್ಕೆ ಸರಸರ ಇಳಿದವರು ಐದರಲ್ಲಿ ಬಂದು ಕಾಲು ಸೋತು ನಿಲ್ಲೋದು ಇದಕ್ಕೇ.

ನನ್ನ ಗೆಳೆಯನೊಬ್ಬ ಕಿಡ್ನಿ ತೊಂದರೆಗಾಗಿ ಹನ್ನೊಂದು ತಿಂಗಳು ಈ ಮಾತ್ರೆ ನುಂಗಿದ. ದೊಡ್ಡ ಡೋಸಿನಲ್ಲಿದ್ದಾಗ ಮುಖ ಊದಿಕೊಂಡಿತ್ತು. ಆಗ ಎಲ್ಲರೂ "ಪಾಪ" ಅಂದರು, ಮನೆಯಿಂದ ಕೆಲಸ ಮಾಡು ಅಂದರು. ಅವನೋ ರಾತ್ರಿ ಎರಡು ಗಂಟೆಗೆ ಎದ್ದು ಕೋಡ್ ಬರೀತಿದ್ದ, ಅಷ್ಟು ಹುರುಪು. ನಾಲ್ಕು ಮಿಲಿಗ್ರಾಂಗೆ ಇಳಿಯುವಷ್ಟರಲ್ಲಿ ಮುಖ ಮೊದಲಿನ ಹಾಗಾಗಿತ್ತು. "ಈಗ ಚೆನ್ನಾಗಿದ್ದೀಯ ಬಿಡು" ಅಂತ ಎಲ್ಲರೂ ಖುಷಿಪಟ್ಟರು, ಆಫೀಸಿಗೆ ವಾಪಸ್ ಕರೆದರು. ಅವನಿಗೆ ಮೆಟ್ರೋ ಸ್ಟೇಷನ್ನಿನ ಮೆಟ್ಟಿಲು ಹತ್ತಲು ಆಗ್ತಿರಲಿಲ್ಲ. "ಕಾಯಿಲೆ ಇದ್ದಾಗ ನನ್ನನ್ನ ನಂಬಿದ್ರು, ವಾಸಿಯಾದ ಮೇಲೆ ಯಾರೂ ನಂಬ್ತಿಲ್ಲ ಕಣೋ" ಅಂದ. ಅವನ ಡಾಕ್ಟರು ಬೆಳಗಿನ ಕಾರ್ಟಿಸಾಲ್ ಪರೀಕ್ಷೆ ಮಾಡಿಸಿ, ಸಂಖ್ಯೆ ಕಡಿಮೆ ಇದೆ ಅಂತ ತೋರಿಸಿ, ಇಳಿಸೋದನ್ನ ನಿಧಾನ ಮಾಡಿದರು. ಆ ಸಂಖ್ಯೆ ನೋಡಿದ ದಿನ ಅವನಿಗಾದ ನೆಮ್ಮದಿ, ಪ್ರಮೋಷನ್ ಸಿಕ್ಕಾಗಲೂ ಆಗಿರಲಿಲ್ಲ. ತಾನು ಸೋಮಾರಿಯಲ್ಲ ಅಂತ ಕಾಗದದ ಮೇಲೆ ಬರೆದು ಕೊಟ್ಟ ಹಾಗಿತ್ತು.

ಇಳಿಯುವ ವಿದ್ಯೆ

ಕಳೆದ ಅರವತ್ತು ಎಪ್ಪತ್ತು ವರ್ಷಗಳಲ್ಲಿ ಈ ವಿದ್ಯೆ ಸ್ವಲ್ಪ ಸ್ವಲ್ಪವಾಗಿ ಬೆಳೆಯಿತು. 1963ರಲ್ಲಿ ಬಾಸ್ಟನ್ನಿನ ವೈದ್ಯರು ದಿನ ಬಿಟ್ಟು ದಿನ ಸ್ಟೆರಾಯ್ಡ್ ಕೊಡೋ ಕ್ರಮವನ್ನು ಪ್ರಕಟಿಸಿದರು. ಮಧ್ಯದ ಬಿಡುವಿನ ದಿನದಲ್ಲಿ ದೇಹದ ಗ್ರಂಥಿಗೆ ಕೆಲಸದ ಅಭ್ಯಾಸ ತಪ್ಪದಿರಲಿ ಅನ್ನೋ ಉಪಾಯ. ಮಾತ್ರೆಯನ್ನು ಬೆಳಿಗ್ಗೆಯೇ ನುಂಗಿ ಅಂತ ಹೇಳೋದರ ಹಿಂದೆಯೂ ಇದೇ ತರ್ಕ ಇದೆ: ದೇಹದ ಸ್ವಂತ ಕಾರ್ಟಿಸಾಲ್ ಏರೋದು ಬೆಳಿಗ್ಗೆ, ರಾತ್ರಿ ನುಂಗಿದರೆ ಮರುದಿನದ ಆರ್ಡರನ್ನೇ ತಡೆದ ಹಾಗೆ.

ಬ್ರಿಟನ್ನಿನಲ್ಲಿ ದಶಕಗಳಿಂದ ಸ್ಟೆರಾಯ್ಡ್ ರೋಗಿಗಳ ಜೇಬಿನಲ್ಲಿ ನೀಲಿ ಬಣ್ಣದ ಒಂದು ಕಾರ್ಡ್ ಇರುತ್ತಿತ್ತು. 2020ರಲ್ಲಿ ಅದರ ಜೊತೆಗೆ ತುರ್ತು ಸಂದರ್ಭದ ಪ್ರತ್ಯೇಕ ಕಾರ್ಡ್ ಬಂತು. ಅದರ ಅರ್ಥ ಇಷ್ಟೇ: 'ಈ ವ್ಯಕ್ತಿ ಪ್ರಜ್ಞೆ ತಪ್ಪಿ ಸಿಕ್ಕರೆ ತಕ್ಷಣ ಹೈಡ್ರೊಕಾರ್ಟಿಸೋನ್ ಕೊಡಿ.' 1952ರ ವರದಿಯ ಆ ಮನುಷ್ಯನ ಜೇಬಿನಲ್ಲಿ ಇರಬೇಕಾಗಿದ್ದ ಕಾರ್ಡ್ ಅದು.

2024ರಲ್ಲಿ ಯುರೋಪ್ ಮತ್ತು ಅಮೆರಿಕದ ಹಾರ್ಮೋನ್ ತಜ್ಞರ ಸಂಘಗಳು ಒಟ್ಟಾಗಿ ಒಂದು ಮಾರ್ಗಸೂಚಿ ತಂದವು. ಸಾರ ಹೀಗಿದೆ. ಮೂರು ನಾಲ್ಕು ವಾರಕ್ಕಿಂತ ಕಡಿಮೆ ಕಾಲ ತೊಗೊಂಡವರಿಗೆ ಗ್ರಂಥಿಯ ಕಾರಣಕ್ಕಾಗಿ ಮೆಲ್ಲಗೆ ಇಳಿಸೋ ಅಗತ್ಯವಿಲ್ಲ. ಅದಕ್ಕಿಂತ ಹೆಚ್ಚಾದರೆ, ಕಾಯಿಲೆ ಹಿಡಿತದಲ್ಲಿದ್ದಾಗ ಮಾತ್ರ, ದೇಹದ ಸಹಜ ಮಟ್ಟದವರೆಗೆ ಇಳಿಸಿ. ಅಲ್ಲಿಂದ ಕೆಳಗೆ ನಿಧಾನವಾಗಿ ಹೋಗಿ, ಅಥವಾ ಬೆಳಗಿನ ಕಾರ್ಟಿಸಾಲ್ ಪರೀಕ್ಷಿಸಿ ನಿರ್ಧರಿಸಿ. ಇಳಿಸುವಾಗ ತಡೆಯಲಾರದ ಸಂಕಟವಾದರೆ ಒಂದು ಮೆಟ್ಟಿಲು ವಾಪಸ್ ಹತ್ತಿ, ಇನ್ನೂ ನಿಧಾನವಾಗಿ ಇಳಿಯಿರಿ. ಮತ್ತು ಈ ಸಂಕಟ ಬರಬಹುದು ಅಂತ ರೋಗಿಗೆ ಮೊದಲೇ ಹೇಳಿ.

ಈ ಕೊನೆಯ ಮಾತು ನೋಡೋಕೆ ಸಣ್ಣದು. ಸ್ಲೋಕಂ ಹೇಳಿ ಎಪ್ಪತ್ತು ವರ್ಷದ ಮೇಲೂ ಅದನ್ನು ಮಾರ್ಗಸೂಚಿಯಲ್ಲಿ ಬರೆಯಬೇಕಾಯಿತು ಅಂದ್ರೆ, ಎಷ್ಟು ಜನಕ್ಕೆ ಇನ್ನೂ ಹೇಳ್ತಿಲ್ಲ ಅಂತ ಊಹಿಸಿ.

ನಮ್ಮ ಕಡೆಯ ಕತೆ

ನಮ್ಮಲ್ಲಿ ಇನ್ನೊಂದು ತೊಡಕಿದೆ. ತಾವು ಸ್ಟೆರಾಯ್ಡ್ ತೊಗೊಳ್ತಿದ್ದೀವಿ ಅಂತ ಗೊತ್ತೇ ಇಲ್ಲದ ಸ್ಟೆರಾಯ್ಡ್ ರೋಗಿಗಳು ನಮ್ಮಲ್ಲಿದ್ದಾರೆ. ಮಂಡಿನೋವಿಗೆ, ಉಬ್ಬಸಕ್ಕೆ ಹೆಸರಿಲ್ಲದ ಪೊಟ್ಟಣದಲ್ಲಿ ಪುಡಿ ಕೊಡೋರಿದ್ದಾರೆ. ಎರಡೇ ದಿನದಲ್ಲಿ ನೋವು ಮಾಯ. ಅಂಥ ಕೆಲವು 'ಗಿಡಮೂಲಿಕೆ' ಪುಡಿಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ ಸ್ಟೆರಾಯ್ಡ್ ಬೆರಕೆ ಸಿಕ್ಕಿದ್ದುಂಟು. ಪುಡಿ ಖಾಲಿಯಾಗಿ, ಊರಿಗೆ ಹೋಗಲು ಆಗದೆ, ವಾರ ಕಳೆದ ಮೇಲೆ ಅಜ್ಜಿ ತಲೆತಿರುಗಿ ಬಿದ್ದರೆ ಯಾರಿಗೂ ಕಾರಣ ಹೊಳೆಯೋದಿಲ್ಲ. ಅಲ್ಲಿ ಇಳಿಯೋ ಮೆಟ್ಟಿಲೇ ಇಲ್ಲ, ನೇರ ಪ್ರಪಾತ.

ಇನ್ನು ಮುಖಕ್ಕೆ ಹಚ್ಚೋ ಕ್ರೀಮು. ಬೆಳ್ಳಗಾಗ್ತೀವಿ ಅಂತ ಸ್ಟೆರಾಯ್ಡ್ ಇರೋ ಮುಲಾಮನ್ನು ತಿಂಗಳುಗಟ್ಟಲೆ ಹಚ್ಚಿ, ನಿಲ್ಲಿಸಿದ ಕೂಡಲೇ ಮುಖ ಕೆಂಡದ ಹಾಗೆ ಉರಿಯೋದನ್ನು ನಮ್ಮ ಚರ್ಮವೈದ್ಯರು ಎಷ್ಟು ಕಂಡರೆಂದರೆ, ಅದಕ್ಕೊಂದು ಪ್ರತ್ಯೇಕ ಹೆಸರು ಕೊಟ್ಟದ್ದೇ ಭಾರತದ ವೈದ್ಯರು. ಅಲ್ಲಿನ ಕಾರಣ ಅಡ್ರಿನಲ್ ಗ್ರಂಥಿಗಿಂತ ಹೆಚ್ಚಾಗಿ ಚರ್ಮದ್ದೇ. ಆದರೆ ಬಲೆ ಒಂದೇ ಥರದ್ದು: ನಿಲ್ಲಿಸಿದರೆ ಉರಿ, ಉರಿ ತಾಳದೆ ಮತ್ತೆ ಹಚ್ಚೋದು. 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೆರಾಯ್ಡ್ ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದ ಷೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು.

ಆಮೇಲೆ ಕೋವಿಡ್. 2020ರ ಜೂನ್‌ನಲ್ಲಿ ಬ್ರಿಟನ್ನಿನ ರಿಕವರಿ ಪ್ರಯೋಗ ಒಂದು ದೊಡ್ಡ ಸುದ್ದಿ ಕೊಟ್ಟಿತು. ದಿನಕ್ಕೆ 6 ಮಿಲಿಗ್ರಾಂ ಡೆಕ್ಸಾಮೆಥಾಸೋನ್, ಹೆಚ್ಚೆಂದರೆ 10 ದಿನ. ವೆಂಟಿಲೇಟರ್ ಮೇಲಿರೋರಲ್ಲಿ ಸಾವು ಸುಮಾರು ಮೂರರಲ್ಲೊಂದು ಪಾಲು ಕಡಿಮೆ, ಆಕ್ಸಿಜನ್ ಬೇಕಾದವರಲ್ಲಿ ಐದರಲ್ಲೊಂದು ಪಾಲು ಕಡಿಮೆ. ಆಕ್ಸಿಜನ್ ಬೇಡದವರಿಗೆ ಲಾಭವಿಲ್ಲ ಅಂತಲೂ ಅದೇ ಪ್ರಯೋಗ ಹೇಳಿತ್ತು. 2021ರ ಎರಡನೇ ಅಲೆಯ ಗಾಬರಿಯಲ್ಲಿ ಯಾರು ಕೇಳ್ತಾರೆ? ವಾಟ್ಸ್ಯಾಪಿನಲ್ಲಿ ಮಾತ್ರೆ ಪಟ್ಟಿ ಹರಿದಾಡಿತು, ಬೇಡದವರೂ ನುಂಗಿದರು, ಬೇಕಾದವರೂ ಅತಿಯಾಗಿ ನುಂಗಿದರು. ಸಕ್ಕರೆ ಕಾಯಿಲೆ ಇದ್ದವರಲ್ಲಿ ಸಕ್ಕರೆ ಏರಿತು, ರೋಗ ತಡೆಯೋ ಶಕ್ತಿ ಇಳಿಯಿತು. ಮೇ ತಿಂಗಳಲ್ಲಿ ಕರ್ನಾಟಕವೂ ಸೇರಿ ದೇಶದೆಲ್ಲೆಡೆ ಕಪ್ಪು ಶಿಲೀಂಧ್ರ ಕಾಣಿಸಿತು. ಎಷ್ಟೋ ಜನ ಕಣ್ಣು ಕಳಕೊಂಡರು, ಪ್ರಾಣ ಕಳಕೊಂಡರು.

ಆ ಕಪ್ಪು ಶಿಲೀಂಧ್ರಕ್ಕೆ ನಮ್ಮಲ್ಲಿ ಮುಖ್ಯ ಕಾರಣವಾದ ಬೂಷ್ಟು ಯಾವುದು? ರೈಝೋಪಸ್. 1952ರಲ್ಲಿ ಅಪ್‌ಜಾನ್ ಕಂಪನಿಗೆ ಅಗ್ಗದ ಸ್ಟೆರಾಯ್ಡ್ ದಾರಿ ತೋರಿಸಿದ ಅದೇ ಬಳಗ. ಇದಕ್ಕೆ ಶಾಪ, ಕರ್ಮ ಅಂತೆಲ್ಲ ಅರ್ಥ ಹಚ್ಚಬೇಕಾಗಿಲ್ಲ. ಬೂಷ್ಟು ತನ್ನ ಪಾಡಿಗೆ ತಾನು ಬೆಳೆಯುತ್ತೆ. ಪಾತ್ರೆಯೊಳಗೆ ಅಳತೆಯಿಂದ ಬೆಳೆಸಿದಾಗ ಔಷಧ ಕೊಟ್ಟಿತು, ಅಳತೆ ತಪ್ಪಿದ ದೇಹದೊಳಗೆ ಜಾಗ ಸಿಕ್ಕಾಗ ಕಣ್ಣು ಕಿತ್ತಿತು.

ಈ ಎಲ್ಲ ಇತಿಹಾಸ ಓದಿ "ಹಾಗಾದ್ರೆ ಸ್ಟೆರಾಯ್ಡೇ ಬೇಡ" ಅಂತ ಮಾತ್ರೆ ಡಬ್ಬಿಯನ್ನು ಇವತ್ತೇ ಕಸದ ಬುಟ್ಟಿಗೆ ಎಸೆದರೆ, ಅದಕ್ಕಿಂತ ದೊಡ್ಡ ಅನಾಹುತ ಇನ್ನೊಂದಿಲ್ಲ. 1952ರ ವರದಿಯ ಸಾವು ಆಗಿದ್ದೇ ಹಠಾತ್ತಾಗಿ ನಿಲ್ಲಿಸಿದ್ದರಿಂದ. ಈ ಮಾತ್ರೆ ಉಳಿಸಿದ ಜೀವಗಳಿಗೆ ಲೆಕ್ಕವಿಲ್ಲ, ನನ್ನ ಗೆಳೆಯನ ಕಿಡ್ನಿಯೂ ಅದರಲ್ಲೊಂದು.

ಇತಿಹಾಸ ನಮ್ಮ ಕೈಗೆ ಕೊಟ್ಟಿರೋದು ಕೆಲವು ಸರಳ ಪ್ರಶ್ನೆಗಳನ್ನು. ಸ್ಟೆರಾಯ್ಡ್ ಶುರು ಮಾಡೋ ದಿನವೇ ಡಾಕ್ಟರನ್ನು ಕೇಳಿ: ಇದನ್ನ ಇಳಿಸೋದು ಹೇಗೆ, ಯಾವಾಗ? ಐದು ಮಿಲಿಗ್ರಾಂ ಹತ್ತಿರ ಬಂದಾಗ ಕೇಳಿ: ನನ್ನ ಬೆಳಗಿನ ಕಾರ್ಟಿಸಾಲ್ ಎಷ್ಟಿದೆ? ಜೋರು ಜ್ವರ ಬಂದರೆ, ವಾಂತಿಯಾಗಿ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಏನು ಮಾಡಬೇಕು ಅಂತ ಮೊದಲೇ ಬರೆಸಿಕೊಳ್ಳಿ. ಹಲ್ಲು ಕೀಳಿಸೋಕೆ ಹೋದರೂ ಹೇಳಿ, ಆಪರೇಷನ್ನಿಗೆ ಹೋದರೂ ಹೇಳಿ. ನಿಂತು ಒಂದು ವರ್ಷದವರೆಗೂ ಹೇಳಿ. 'ಸ್ಟೆರಾಯ್ಡ್ ತೊಗೊಳ್ತಿದ್ದೀನಿ' ಅಂತ ಒಂದು ಚೀಟಿ ಬರೆದು ಪರ್ಸಿನಲ್ಲಿ, ಡ್ರೈವಿಂಗ್ ಲೈಸೆನ್ಸ್ ಪಕ್ಕದಲ್ಲೇ ಇಟ್ಟುಕೊಳ್ಳಿ.

ಮತ್ತೆ ನೀವು ಟೀಮ್ ಲೀಡ್ ಆಗಿದ್ದು, ನಿಮ್ಮ ಟೀಮಿನ ಯಾರೋ ಒಬ್ಬರು ದೊಡ್ಡ ಕಾಯಿಲೆಯಿಂದ ಎದ್ದು ಬಂದು, ನೋಡೋಕೆ ಚೆನ್ನಾಗೇ ಇದ್ದು, ಮಧ್ಯಾಹ್ನ ಮೂರು ಗಂಟೆಗೆಲ್ಲ ಮುದುಡಿ ಹೋಗ್ತಿದ್ದರೆ, ಅಪ್ರೈಸಲ್ ಬರೆಯೋ ಮುಂಚೆ ಸ್ವಲ್ಪ ತಾಳಿ. ಅವರೊಳಗೆ ಈಗ ಎಷ್ಟನೇ ತಿಂಗಳು ಅಂತ ನಿಮಗೆ ಗೊತ್ತಿಲ್ಲ. ಮ್ಯಾನೇಜರ್ ಜೋರಾಗಿ ಕೂಗ್ತಿದ್ದಾನೆ, ಕಾರ್ಖಾನೆ ಇನ್ನೂ ಬಾಗಿಲು ತೆಗೀತಿದೆ. ಆ ಕೂಗಿನ ಮೇಲೆ ಇನ್ನೊಬ್ಬ ಮ್ಯಾನೇಜರ್ ಕೂಗೋ ಅಗತ್ಯ ಏನೂ ಇಲ್ಲ.